ಕೆರೆ ಕೆಟ್ಟಿದೆ ಅನ್ನಿಸಿದಾಗ: ಸ್ವಯಂಸೇವಕ ತಂಡಗಳಿಗೆ ದೋಷ ನಿವಾರಣೆ ಕೈಪಿಡಿ

ಭಾನುವಾರ ಬೆಳಿಗ್ಗೆ ಇಪ್ಪತ್ತು ಜನ ಸೇರಿ ಚಿಕ್ಕ ಕೆರೆಯೊಂದರಿಂದ ಎರಡು ಟನ್ ಅಂತರಗಂಗೆ ಎಳೆದು ಹಾಕಿದರು ಅಂತಿಟ್ಟುಕೊಳ್ಳಿ. ಸೊಂಟ ಬಿದ್ದುಹೋಗಿದೆ, ಬಟ್ಟೆಯೆಲ್ಲ ಕೆಸರು, ಆದರೂ ಎಷ್ಟೋ ದಿನದ ಮೇಲೆ ನೀರು ಕಣ್ಣಿಗೆ ಬಿದ್ದ ಖುಷಿ. ಈಗ ಒಂದು ಲೆಕ್ಕ ಹಾಕೋಣ. ಆ ಗಿಡದ ತೂಕದಲ್ಲಿ ನೂರಕ್ಕೆ ತೊಂಬತ್ತೈದರಷ್ಟು ನೀರೇ. ಒಣಗಿದ ಮೇಲೆ ಉಳಿಯುವುದು 100 ಕಿಲೋ ಆಸುಪಾಸು. ಅದರಲ್ಲಿ ಕಳೆಗೂ ಪಾಚಿಗೂ ಗೊಬ್ಬರವಾಗುವ ರಂಜಕ (ಫಾಸ್ಫರಸ್) ಶೇ. 0.4ರಷ್ಟಿದ್ದರೆ, ಇಷ್ಟೆಲ್ಲ ಬೆವರು ಸುರಿಸಿ ಹೊರಗೆ ಹಾಕಿದ್ದು 400 ಗ್ರಾಂ ರಂಜಕ. ಅದೇ ಹೊತ್ತಿಗೆ ಕೆರೆಯ ಇನ್ನೊಂದು ಮೂಲೆಯಲ್ಲಿ ಸೆಕೆಂಡಿಗೆ 1 ಲೀಟರಿನಂತೆ, ಅಂದರೆ ಮನೆಯ ನಾಲ್ಕೈದು ನಲ್ಲಿ ಒಟ್ಟಿಗೆ ಬಿಟ್ಟಷ್ಟು, ಕೊಳಚೆ ಒಳಗೆ ಹರಿಯುತ್ತಿದೆ ಎನ್ನಿ. ಸಂಸ್ಕರಿಸದ ಮನೆಬಳಕೆ ಕೊಳಚೆಯಲ್ಲಿ ಲೀಟರಿಗೆ 5ರಿಂದ 10 ಮಿಲಿಗ್ರಾಂ ರಂಜಕ ಇರುವುದು ಸಾಮಾನ್ಯ. ಕಡಿಮೆಯದನ್ನೇ ಹಿಡಿದರೂ ದಿನಕ್ಕೆ 432 ಗ್ರಾಂ. ಭಾನುವಾರ ಹೊರಗೆ ಹೋದದ್ದು ಸೋಮವಾರದ ಹೊತ್ತಿಗೆ ವಾಪಸ್ ಬಂದಿರುತ್ತದೆ.

ಕಳೆ ತೆಗೆಯುವುದಕ್ಕೆ ನನ್ನ ವಿರೋಧವಿಲ್ಲ. ತೆಗೆದದ್ದನ್ನು ದಡದಲ್ಲೇ ಗುಡ್ಡೆ ಹಾಕದೆ ದೂರ ಸಾಗಿಸಿದರೆ ಅದರಿಂದ ಉಪಯೋಗವೂ ಇದೆ. ಆದರೆ ಕೆರೆಯ ಕಾಯಿಲೆ ಬಹುಪಾಲು ಕೆರೆಯ ಹೊರಗೆ ಇರುತ್ತದೆ, ಒಳಗೆ ಕಾಣುವುದು ಅದರ ಲಕ್ಷಣ ಮಾತ್ರ. ಲಕ್ಷಣ ಹಿಡಿದು ಹೊರಗಿನ ಮೂಲದವರೆಗೆ ಹೋಗುವುದು ಹೇಗೆ ಎಂಬುದಷ್ಟೇ ಇಲ್ಲಿರುವುದು.

ಮೊದಲ ಎರಡು ವಾರ ಕೈಕಟ್ಟಿ ಕೂರಿ

ಕೆರೆ ಹಸಿರಾಗಿದೆ ಎಂದ ಕೂಡಲೇ ಯಾರೋ ಮೈಲುತುತ್ತ ಸುರಿಯೋಣ ಎನ್ನುತ್ತಾರೆ, ಇನ್ಯಾರೋ ಸುಣ್ಣ ಎನ್ನುತ್ತಾರೆ, ಮತ್ತೊಬ್ಬರು ಬಾಟಲಿಯಲ್ಲಿ ಬರುವ ಬ್ಯಾಕ್ಟೀರಿಯಾ ದ್ರಾವಣದ ಜಾಹೀರಾತು ತೋರಿಸುತ್ತಾರೆ. ಯಾವುದನ್ನೂ ಹಾಕಬೇಡಿ. ಹಾಕಿದ ಮೇಲೆ ಅಳೆದದ್ದು ಕೆರೆಯ ಸ್ಥಿತಿಯಲ್ಲ, ನೀವು ಹಾಕಿದ್ದರ ಪರಿಣಾಮ. ಅದಕ್ಕಿಂತ ದೊಡ್ಡ ಅಪಾಯ ಬೇರೆಯಿದೆ. ದಟ್ಟವಾಗಿ ಬೆಳೆದ ಪಾಚಿಯನ್ನು ಒಮ್ಮೆಲೇ ಕೊಂದರೆ ಅದು ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ತಿಂದುಹಾಕುತ್ತದೆ. ಪಾಚಿ ಹೋಯಿತು ಎಂದು ಹಿಗ್ಗುವಷ್ಟರಲ್ಲಿ ಮೀನು ಹೊಟ್ಟೆ ಮೇಲಾಗಿ ತೇಲುತ್ತವೆ. ಮೈಲುತುತ್ತದ ತಾಮ್ರವಾದರೂ ಎಲ್ಲಿಗೂ ಹೋಗುವುದಿಲ್ಲ, ಹೂಳಿನಲ್ಲಿ ಕೂತಿರುತ್ತದೆ.

ಈ ಎರಡು ವಾರದಲ್ಲಿ ಮಾಡಬೇಕಾದ್ದು ಅಳತೆ. ಬೇಕಾಗುವ ಸಾಮಾನು ಕಡಿಮೆ: ಮುಚ್ಚಳವಿರುವ ಗಾಜಿನ ಜಾಡಿಗಳು, ಬಿಳಿ ಬಕೆಟ್, ಥರ್ಮಾಮೀಟರ್, ಪಿಎಚ್ ಪಟ್ಟಿ, ಕರಗಿದ ಆಮ್ಲಜನಕ ನೋಡುವ ಕಿಟ್, ನೀರಿನಲ್ಲಿ ಕರಗಿದ ಉಪ್ಪಿನ ಅಂದಾಜು ಕೊಡುವ, ಜೇಬಿನಲ್ಲಿಡುವ ವಾಹಕತೆ ಮೀಟರ್, ನೀರು ಎಷ್ಟು ತಿಳಿಯಾಗಿದೆ ಎಂದು ನೋಡುವ ಒಂದು ಸೆಕ್ಕಿ ತಟ್ಟೆ. ಕೊನೆಯದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. 20 ಸೆಂಟಿಮೀಟರ್ ಅಗಲದ ದುಂಡು ತಟ್ಟೆಯನ್ನು ನಾಲ್ಕು ಭಾಗ ಮಾಡಿ ಒಂದು ಬಿಟ್ಟು ಒಂದಕ್ಕೆ ಕಪ್ಪು, ಉಳಿದೆರಡಕ್ಕೆ ಬಿಳಿ ಬಣ್ಣ ಬಳಿದು, ಕೆಳಗೆ ಭಾರ ಕಟ್ಟಿ, 10 ಸೆಂಟಿಮೀಟರಿಗೊಂದು ಗುರುತಿರುವ ಹಗ್ಗದಲ್ಲಿ ಇಳಿಬಿಡುವುದು. ಕಣ್ಣಿಗೆ ಮರೆಯಾದ ಆಳ, ಮೇಲೆಳೆಯುವಾಗ ಮತ್ತೆ ಕಂಡ ಆಳ, ಎರಡರ ಸರಾಸರಿ. ಇಟಲಿಯ ಪಾದ್ರಿ, ಖಗೋಳಶಾಸ್ತ್ರಜ್ಞ ಆಂಜೆಲೊ ಸೆಕ್ಕಿ 1865ರಲ್ಲಿ ಸಮುದ್ರಕ್ಕೆ ಬಿಳಿ ತಟ್ಟೆ ಇಳಿಸಿ ನೋಡಿದ ವಿಧಾನ ಇದು. ಇಂದಿಗೂ ಇದರಷ್ಟು ಅಗ್ಗದ, ಇದರಷ್ಟು ನಂಬಬಹುದಾದ ಕೆರೆ ಉಪಕರಣ ನನಗೆ ಕಂಡಿಲ್ಲ.

1977ರಲ್ಲಿ ಸರೋವರ ವಿಜ್ಞಾನಿ ರಾಬರ್ಟ್ ಕಾರ್ಲ್‌ಸನ್ ಈ ಆಳವನ್ನೇ ಅಂಕಿಗೆ ಇಳಿಸಿದರು. 4 ಮೀಟರ್ ಕಂಡರೆ 40, 2 ಮೀಟರ್ ಕಂಡರೆ 50, 1 ಮೀಟರ್ ಕಂಡರೆ 60, ಅರ್ಧ ಮೀಟರ್ ಆದರೆ 70. ಕಾಣುವ ಆಳ ಅರ್ಧಕ್ಕೆ ಇಳಿದಾಗಲೆಲ್ಲ ಅಂಕಿ 10 ಏರುತ್ತದೆ. 50 ದಾಟಿತೆಂದರೆ ಕೆರೆಗೆ ಗೊಬ್ಬರ ಹೆಚ್ಚಾಗಿದೆ ಎಂದೇ ಓದಬೇಕು. ನೀರು ಮಣ್ಣಿನಿಂದ ಕದಡಿದ್ದರೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ.

ಒಂದು ಮಾತು ತಂಡದ ಎಲ್ಲರೂ ಒಪ್ಪಿಕೊಳ್ಳಬೇಕು: ಅದೇ ಜಾಗ, ಅದೇ ಹೊತ್ತು. ನಮ್ಮ ತಂಡದ ಮೊದಲ ವರ್ಷದ ಪುಸ್ತಕ ಇಂದಿಗೂ ನನ್ನ ಕಪಾಟಿನಲ್ಲಿದೆ. ಒಬ್ಬರು ಬೆಳಿಗ್ಗೆ ಏಳಕ್ಕೆ ಏರಿಯ ಮೇಲಿಂದ, ಇನ್ನೊಬ್ಬರು ಮಧ್ಯಾಹ್ನ ಮೂರಕ್ಕೆ ಕೋಡಿಯ ಹತ್ತಿರ. ಅಂಕಿಗಳೇನೋ ತುಂಬ ಇವೆ, ಅವುಗಳಿಂದ ತಿಳಿಯುವುದು ಮಾತ್ರ ಏನೂ ಇಲ್ಲ. ಹಗಲೆಲ್ಲ ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿಯೆಲ್ಲ ಅದನ್ನೇ ಎಳೆದುಕೊಳ್ಳುತ್ತದೆ. ಮಧ್ಯಾಹ್ನ ಲೀಟರಿಗೆ 12 ಮಿಲಿಗ್ರಾಂ ತೋರಿಸಿದ ನೀರು ಸೂರ್ಯ ಹುಟ್ಟುವ ಮೊದಲು 2ಕ್ಕೆ ಇಳಿದಿರಬಹುದು. ಆಮ್ಲಜನಕ ಅಳೆಯಲು ಒಂದೇ ಸಲ ಸಮಯ ಸಿಗುವುದಾದರೆ ನಸುಕಿನಲ್ಲೇ ಅಳೆಯಿರಿ. ಸೆಕ್ಕಿ ತಟ್ಟೆಗೆ ನಡು ಹಗಲು ಬೇಕು, ಹಗ್ಗ ಬಿಡುವ ಕಡೆ ನೆರಳಿರಬೇಕು, ಕಪ್ಪು ಕನ್ನಡಕ ತೆಗೆದಿಟ್ಟಿರಬೇಕು.

ಲಕ್ಷಣ: ನೀರು ಹಸಿರಾಗಿದೆ

ಹಸಿರೆಲ್ಲ ಒಂದೇ ಅಲ್ಲ. ಮೊದಲು ಒಂದು ಉದ್ದ ಕೋಲು ತೆಗೆದುಕೊಂಡು ಮೇಲಿನ ಪದರದಲ್ಲಿ ಆಡಿಸಿ ಎತ್ತಿ. ಒದ್ದೆ ಕೂದಲಿನಂತೆ ಎಳೆಎಳೆಯಾಗಿ ಸುತ್ತಿಕೊಂಡು ಬಂದರೆ ಅದು ದಾರದಂಥ ಪಾಚಿ. ಕಣ್ಣಿಗೆ ಅಸಹ್ಯ, ದೋಣಿಗೆ ತೊಡಕು, ಅಷ್ಟೇ. ಪುಟ್ಟ ಎಲೆ, ಅದರಡಿ ನೂಲಿನಂಥ ಬೇರು ಕಂಡರೆ ಅದು ಪಾಚಿಯೇ ಅಲ್ಲ, ತೇಲುವ ಗಿಡ. ಕೋಲಿಗೆ ಬಣ್ಣ ಬಳಿದಂತೆ ಅಂಟಿಕೊಂಡರೆ ಮಾತ್ರ ಎಚ್ಚರ ಬೇಕು.

ಹಾಗಿದ್ದಾಗ ಕೈಗವಸು ಹಾಕಿ ಜಾಡಿಯ ಮುಕ್ಕಾಲು ಭಾಗ ನೀರು ತುಂಬಿ, ಮುಚ್ಚಳ ಬಿಗಿದು, ಅಲುಗಾಡಿಸದೆ ಒಂದು ರಾತ್ರಿ ತಂಪಿನಲ್ಲಿಡಿ. ಬೆಳಿಗ್ಗೆ ಹಸಿರೆಲ್ಲ ಮೇಲೆ ಬಂದು ಉಂಗುರದಂತೆ ಕಟ್ಟಿಕೊಂಡಿದ್ದರೆ ಅದು ನೀಲಿ-ಹಸಿರು ಪಾಚಿ ಇರುವ ಸಂಭವ ಹೆಚ್ಚು. ಹೆಸರಿಗೆ ಪಾಚಿ, ಜಾತಿಯಲ್ಲಿ ಬ್ಯಾಕ್ಟೀರಿಯಾ. ಅದರ ಜೀವಕೋಶದೊಳಗೆ ಗಾಳಿ ತುಂಬಿದ ಚೀಲಗಳಿರುತ್ತವೆ, ಅದಕ್ಕೇ ತೇಲುತ್ತದೆ. ತಳಕ್ಕೆ ಕೂತಿದ್ದರೆ ಸಾಮಾನ್ಯ ಹಸಿರು ಪಾಚಿ. ತೇಲದ ನೀಲಿ-ಹಸಿರು ಜಾತಿಗಳೂ ಇರುವುದರಿಂದ, ಜನ ಈಜುವ ಅಥವಾ ದನ ನೀರು ಕುಡಿಯುವ ಕೆರೆಯಾದರೆ ಜಾಡಿಯನ್ನು ನಂಬಿ ಕೂರದೆ ಸೂಕ್ಷ್ಮದರ್ಶಕ ಇರುವ ಕಡೆ ತೋರಿಸಿ. ಇವುಗಳಲ್ಲಿ ಕೆಲವು ಯಕೃತ್ತಿಗೆ, ಕೆಲವು ನರಗಳಿಗೆ ವಿಷ ಉತ್ಪಾದಿಸುತ್ತವೆ. ನೀರನ್ನು ಕುದಿಸಿದರೆ ಆ ವಿಷ ಹೋಗುವುದಿಲ್ಲ, ಜೀವಕೋಶ ಒಡೆದು ಇನ್ನಷ್ಟು ಹೊರಬರುತ್ತದೆ. ಗಾಳಿ ತಳ್ಳಿದ ಕಡೆಯ ದಡದಲ್ಲಿ ಕೆನೆಗಟ್ಟಿದ ಹಸಿರಿದ್ದರೆ ಮಕ್ಕಳನ್ನೂ ನಾಯಿಗಳನ್ನೂ ಅತ್ತ ಬಿಡಬೇಡಿ. ನಾಯಿಗಳಿಗೇ ಅಪಾಯ ಹೆಚ್ಚು, ನೀರಿಂದ ಬಂದು ಮೈ ನೆಕ್ಕಿಕೊಳ್ಳುತ್ತವಲ್ಲ.

ಯಾವ ಬಗೆಯ ಹಸಿರಾದರೂ ಮೂಲ ಪ್ರಶ್ನೆ ಒಂದೇ: ಗೊಬ್ಬರ ಎಲ್ಲಿಂದ ಬರುತ್ತಿದೆ? ಪಾಚಿಯ ಒಡಲಲ್ಲಿ ಒಂದು ರಂಜಕದ ಪರಮಾಣುವಿಗೆ ಸುಮಾರು 16 ಸಾರಜನಕ, 106 ಇಂಗಾಲದ ಪರಮಾಣುಗಳಿರುತ್ತವೆ. ಚಿಟಿಕೆ ರಂಜಕ ಸಿಕ್ಕಿದರೆ ಉಳಿದದ್ದನ್ನು ಅದು ಹೇಗೋ ಹೊಂದಿಸಿಕೊಳ್ಳುತ್ತದೆ. ಇಂಗಾಲ ಗಾಳಿಯಲ್ಲಿದೆ, ನೀಲಿ-ಹಸಿರು ಪಾಚಿಯಲ್ಲಿ ಹಲವು ಸಾರಜನಕವನ್ನೂ ಗಾಳಿಯಿಂದಲೇ ಹಿಡಿಯಬಲ್ಲವು. ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ್ದು ಕೆನಡಾದ ಒಂಟಾರಿಯೊ ಪ್ರಾಂತ್ಯದ ಪುಟ್ಟ ಸರೋವರ. ಅದಕ್ಕೆ ಹೆಸರಿಲ್ಲ, 226 ಎಂಬ ಸಂಖ್ಯೆ ಮಾತ್ರ. ನಡುವೆ ಸೊಂಟದಂತೆ ಕಿರಿದಾದ ಆ ಸರೋವರವನ್ನು 1973ರಲ್ಲಿ ಡೇವಿಡ್ ಷಿಂಡ್ಲರ್ ಅವರ ತಂಡ ಪ್ಲಾಸ್ಟಿಕ್ ಪರದೆಯಿಂದ ಎರಡು ಭಾಗ ಮಾಡಿತು. ಎರಡೂ ಕಡೆ ಇಂಗಾಲ ಮತ್ತು ಸಾರಜನಕ ಹಾಕಿ, ಒಂದು ಕಡೆಗೆ ಮಾತ್ರ ರಂಜಕವನ್ನೂ ಸೇರಿಸಿತು. ರಂಜಕ ಬಿದ್ದ ಕಡೆ ಹಸಿರು ಬಣ್ಣ ಕದಡಿದಂತಾಯಿತು, ಪರದೆಯ ಆಚೆ ನೀರು ನೀರಾಗಿಯೇ ಉಳಿಯಿತು. ಮೇಲಿಂದ ತೆಗೆದ ಆ ಚಿತ್ರ ಕೆರೆ ಕೆಲಸ ಮಾಡುವ ಪ್ರತಿಯೊಬ್ಬರೂ ಒಮ್ಮೆ ನೋಡಬೇಕಾದದ್ದು.

ಲಕ್ಷಣ: ನೀರು ಕದಡಿ ಕಂದಾಗಿದೆ

ಜಾಡಿಯಲ್ಲಿ ತುಂಬಿಡಿ. ಒಂದೆರಡು ಗಂಟೆಯಲ್ಲಿ ತಳದಲ್ಲಿ ಮಣ್ಣು ಕೂತರೆ ಅದು ಹೊರಗಿನಿಂದ ಈಚೆಗೆ ಬಂದ ಮಣ್ಣು, ಅಥವಾ ಗಾಳಿ, ಮೀನು ಕೆದಕಿದ ಹೂಳು. ದಿನಗಟ್ಟಲೆ ಇಟ್ಟರೂ ಮಬ್ಬು ಹೋಗದಿದ್ದರೆ ನವಿರಾದ ಜೇಡಿ. ನೀರು ತಿಳಿಯಾಗಿಯೇ ಇದ್ದು ಬಣ್ಣ ಮಾತ್ರ ಚಹಾದಂತಿದ್ದರೆ ಅದು ಕೊಳೆತ ಎಲೆಗಳ ಸತ್ವ, ಅದರ ಪಾಡಿಗೆ ಅದನ್ನು ಬಿಡಿ.

ಮಳೆ ಬಂದ ಮರುದಿನ ಮಾತ್ರ ಕದಡುತ್ತದೆಯೇ, ಮಳೆಯಿಲ್ಲದ ದಿನವೂ ಹಾಗೇ ಇರುತ್ತದೆಯೇ ನೋಡಿ. ಮಳೆಯ ಜೊತೆ ಬಂದು ಹೋದರೆ ಮೇಲಿನ ಕಡೆ ಎಲ್ಲೋ ನೆಲ ಬರಿದಾಗಿದೆ: ಕಟ್ಟಡದ ಪಾಯ, ಅಗೆದ ರಸ್ತೆ, ಹೊಸದಾಗಿ ಉತ್ತ ಇಳಿಜಾರು. ಮಳೆಯಿಲ್ಲದೆಯೂ ಕದಡಿದ್ದು, ತಳ ಕೆದಕಿ ಮೇಯುವ ಗೆಂಡೆ ಜಾತಿಯ ಮೀನು ಕೆರೆಯಲ್ಲಿ ತುಂಬಿದ್ದರೆ ಅನುಮಾನ ಅವುಗಳ ಮೇಲೆ. ಮೀನು ತುಂಬಿ ಬಿಟ್ಟರೆ ಕೆರೆ ಶುದ್ಧವಾಗುತ್ತದೆ ಎಂಬ ನಂಬಿಕೆ ಎಲ್ಲಿಂದ ಬಂತೋ ಗೊತ್ತಿಲ್ಲ, ಹಲವು ಕಡೆ ಆಗುವುದು ತದ್ವಿರುದ್ಧ.

ಲಕ್ಷಣ: ನೊರೆ, ಎಣ್ಣೆಯಂಥ ಪದರ

ಇವೆರಡರ ಬಗ್ಗೆ ಬರುವ ದೂರು ಜಾಸ್ತಿ, ಹೇಳಬೇಕಾದ್ದು ಕಡಿಮೆ. ಕಾಮನಬಿಲ್ಲಿನ ಬಣ್ಣದ ಪದರವನ್ನು ಕೋಲಿನಿಂದ ಚುಚ್ಚಿ. ಒಡೆದ ಗಾಜಿನಂತೆ ತುಂಡುತುಂಡಾಗಿ ಹಾಗೇ ನಿಂತರೆ ಅದು ಕಬ್ಬಿಣದ ಬ್ಯಾಕ್ಟೀರಿಯಾ ಮಾಡಿದ್ದು, ತೊಂದರೆಯಿಲ್ಲ. ಸುಳಿ ಸುತ್ತಿ ಮತ್ತೆ ಕೂಡಿಕೊಂಡರೆ ನಿಜವಾದ ಎಣ್ಣೆ, ಕಾಲುವೆಯಲ್ಲಿ ಮೇಲಕ್ಕೆ ಹುಡುಕಿ. ನೊರೆ ಮಣ್ಣಿನ ವಾಸನೆಯದ್ದಾಗಿ, ನಸುಗಂದಾಗಿ, ಗಾಳಿ ಬಡಿಯುವ ದಡದಲ್ಲಿದ್ದರೆ ಸಹಜವಾದದ್ದು. ಅಚ್ಚ ಬಿಳುಪಾಗಿ, ಸೋಪಿನ ಘಮ ಇದ್ದು, ಒಳಹರಿವಿನ ಬಾಯಲ್ಲೇ ಏಳುತ್ತಿದ್ದರೆ ಬಚ್ಚಲಿನದು.

ಲಕ್ಷಣ: ಮೀನು ಸತ್ತಿವೆ

ಇಲ್ಲಿ ಹೊತ್ತು ಬಹಳ ಮುಖ್ಯ. ಸತ್ತು ಅರ್ಧ ದಿನ ಕಳೆದ ಮೀನು ಪ್ರಯೋಗಾಲಯಕ್ಕೂ ಬೇಡ. ಸುದ್ದಿ ಬಂದ ಕೂಡಲೇ ಹೋದವರು ಮೊದಲು ಆಮ್ಲಜನಕ, ಉಷ್ಣತೆ, ಪಿಎಚ್ ಅಳೆದು ಬರೆದುಕೊಳ್ಳಬೇಕು. ಆಮೇಲೆ ಕತ್ತಿನವರೆಗೆ ತುಂಬಿದ ಗಾಜಿನ ಸೀಸೆಯಲ್ಲಿ ನೀರು, ಸಾಯುತ್ತಿರುವ (ಸತ್ತ ಅಲ್ಲ) ಒಂದೆರಡು ಮೀನು ಮಂಜುಗಡ್ಡೆಯಲ್ಲಿ. ಫೋಟೊ, ಎಣಿಕೆ, ಯಾವ ಜಾತಿ, ಯಾವ ಗಾತ್ರ. ಹೆಣ ಎತ್ತುವ ಕೆಲಸ ಇದಾದ ಮೇಲೆ.

ಗಾತ್ರವೇ ಅರ್ಧ ಕಥೆ ಹೇಳುತ್ತದೆ. ನಸುಕಿನಲ್ಲಿ ಸತ್ತಿವೆ, ದೊಡ್ಡವೇ ಹೆಚ್ಚು ಸತ್ತಿವೆ, ಚಿಕ್ಕವು ನೀರಿನ ಮೇಲ್ಮೈಯಲ್ಲಿ ಬಾಯಿ ತೆರೆದು ಗುಟುಕರಿಸುತ್ತಿವೆ ಎಂದರೆ ಉಸಿರುಗಟ್ಟಿದೆ. ನೀರು ಬೆಚ್ಚಗಾದಷ್ಟೂ ಅದು ಹಿಡಿದಿಡಬಲ್ಲ ಆಮ್ಲಜನಕ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9.1 ಮಿಲಿಗ್ರಾಂ, 30 ಡಿಗ್ರಿಯಲ್ಲಿ 7.6. ಬಹಳಷ್ಟು ಮೀನಿಗೆ 5ಕ್ಕಿಂತ ಕೆಳಗೆ ಸಂಕಟ ಶುರು, 2ಕ್ಕಿಂತ ಕೆಳಗೆ ಜೀವಕ್ಕೆ ಕುತ್ತು. ಹಿಂದಿನ ಎರಡು ಮೂರು ದಿನ ಹೇಗಿದ್ದವು ಎಂದು ಸುತ್ತಲಿನವರನ್ನು ಕೇಳಿ. ಮೋಡ ಮುಸುಕಿ ಗಾಳಿಯಾಡದೆ ಇತ್ತೇ? ಒಣದಿನಗಳ ನಂತರ ಮೊದಲ ಜೋರು ಮಳೆ ಚರಂಡಿಯ ಕಸವನ್ನೆಲ್ಲ ತೊಳೆದು ತಂದಿತೇ? ಯಾರಾದರೂ ಕಳೆನಾಶಕ ಹೊಡೆದರೇ? ಇವುಗಳಲ್ಲಿ ಒಂದಕ್ಕೆ ಹೌದು ಎಂಬ ಉತ್ತರ ಸಾಮಾನ್ಯವಾಗಿ ಸಿಗುತ್ತದೆ. ಅಂಥ ಹೊತ್ತಲ್ಲಿ ಪಂಪ್ ಇಟ್ಟು ಕೆರೆಯ ಮೇಲ್ಪದರದ ನೀರನ್ನೇ ಗಾಳಿಗೆ ಚಿಮ್ಮಿಸಿ ಮತ್ತೆ ಬೀಳಿಸುವುದು ತಕ್ಷಣದ ಉಪಾಯ. ಪಂಪಿನ ಬಾಯಿ ತಳಕ್ಕೆ ತಾಗಬಾರದು, ಹೂಳು ಕದಡಿದರೆ ಇದ್ದ ಆಮ್ಲಜನಕವೂ ಹೋಗುತ್ತದೆ.

ಗಾತ್ರ, ಜಾತಿ ನೋಡದೆ ಎಲ್ಲವೂ ಒಟ್ಟಿಗೆ, ಅದೂ ಹಗಲು ಹೊತ್ತಲ್ಲಿ ಸತ್ತಿದ್ದರೆ ವಿಷದ ಅನುಮಾನ. ಸಿಗಡಿ, ನೀರಹುಳುಗಳು ಮೊದಲು ಸತ್ತು ಮೀನು ಇನ್ನೂ ಓಡಾಡುತ್ತಿದ್ದರೆ ಕೀಟನಾಶಕ ಎಂದು ಊಹಿಸಬಹುದು. ಒಂದೇ ಜಾತಿ, ದಿನಕ್ಕಿಷ್ಟು ಎಂಬಂತೆ, ಮೈಮೇಲೆ ಹುಣ್ಣು ಕಂಡರೆ ರೋಗ.

ಇನ್ನೊಂದಿದೆ, ಅದನ್ನು ಬಹಳ ಜನ ತಪ್ಪಿಸಿಕೊಳ್ಳುತ್ತಾರೆ. ಆಮ್ಲಜನಕ ಚೆನ್ನಾಗಿದೆ, ಬಿಸಿಲು ಚೆನ್ನಾಗಿದೆ, ಮಧ್ಯಾಹ್ನ ಮೀನು ಸಾಯುತ್ತಿವೆ. ಕೊಳಚೆಯ ಅಮೋನಿಯ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ, ಮೀನಿಗೆ ಹೆಚ್ಚು ವಿಷ ಒಂದೇ ರೂಪ. 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಇದ್ದಾಗ ಆ ವಿಷರೂಪ ಒಟ್ಟು ಅಮೋನಿಯದ ಶೇ. 0.6ರಷ್ಟು, ಪಿಎಚ್ 8ಕ್ಕೆ ಏರಿದರೆ ಶೇ. 5, ಪಿಎಚ್ 9ಕ್ಕೆ ಶೇ. 36. ದಟ್ಟ ಪಾಚಿಯಿರುವ ಕೆರೆಯಲ್ಲಿ ಮಧ್ಯಾಹ್ನದ ಪಿಎಚ್ 9 ದಾಟುವುದು ಅಪರೂಪವಲ್ಲ, ಏಕೆಂದರೆ ಪಾಚಿ ನೀರಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಅದನ್ನು ಕ್ಷಾರವಾಗಿಸುತ್ತದೆ. ಬೆಳಿಗ್ಗೆ ನಿರುಪದ್ರವಿಯಾಗಿದ್ದ ಅದೇ ಅಮೋನಿಯ ಮಧ್ಯಾಹ್ನ ಮೀನು ಕೊಲ್ಲುತ್ತದೆ. ಇಂಥ ಕೆರೆಗೆ ಸುಣ್ಣ ಸುರಿದರೆ ಏನಾಗುತ್ತದೆಂದು ನೀವೇ ಊಹಿಸಿ.

ಜಾಡು ಹಿಡಿಯುವುದು: ಒಳಹರಿವಿನಲ್ಲಿ ಮೇಲಕ್ಕೆ

ಹಸಿರಾಗಲಿ, ನೊರೆಯಾಗಲಿ, ಸತ್ತ ಮೀನಾಗಲಿ, ಕೊನೆಗೆ ಬಂದು ನಿಲ್ಲುವುದು ಇಲ್ಲೇ. ಮೂರು ದಿನ ಮಳೆಯಿಲ್ಲದ ಮೇಲೆ ಕೆರೆಯ ಸುತ್ತ ನಡೆಯಿರಿ. ಮಳೆನೀರಿಗೆಂದು ಕಟ್ಟಿದ ಕಾಲುವೆ ಒಣಗಿರಬೇಕು. ಹರಿಯುತ್ತಿದ್ದರೆ ಆ ನೀರು ಯಾರದ್ದೋ ಮನೆಯದು, ಕಾರ್ಖಾನೆಯದು, ಒಡೆದ ಪೈಪಿನದು ಅಥವಾ ಬುಗ್ಗೆಯದು.

ಯಾವುದೆಂದು ತಿಳಿಯಲು ವಾಹಕತೆ ಮೀಟರ್ ಸಾಕಷ್ಟು ಹೇಳುತ್ತದೆ. ಊರಿನ ಕುಡಿಯುವ ನೀರಿನ ಓದು (ಮೀಟರ್ ತೋರಿಸುವ ಅಂಕಿ), ಕೆರೆಯ ಓದು, ಕಾಲುವೆಯ ಓದು ಮೂರನ್ನೂ ಪಕ್ಕಪಕ್ಕ ಬರೆಯಿರಿ. ಬಳಸಿದ ನೀರಿಗೆ ಉಪ್ಪು ಸೇರಿರುವುದರಿಂದ ಕೊಳಚೆಯ ಓದು ಕುಡಿಯುವ ನೀರಿಗಿಂತ ಮೇಲಿರುತ್ತದೆ. ಕಾಲುವೆ ನೀರಿನ ಓದು ಹೆಚ್ಚುಕಡಿಮೆ ನಲ್ಲಿಯದ್ದೇ ಆಗಿ, ಕ್ಲೋರಿನ್ ಪಟ್ಟಿಯೂ ಬಣ್ಣ ತೋರಿಸಿದರೆ ಅದು ಸೋರುವ ಪೈಪು. ಅದು ಬೇರೆ ದೂರು.

ಬಚ್ಚಲು ನೀರು ಎಂದು ಗಟ್ಟಿ ಮಾಡಿಕೊಳ್ಳಲು ನನಗೆ ಇಷ್ಟವಾದ ಉಪಾಯ ಹತ್ತಿಯದು. ಬಟ್ಟೆ ಸೋಪಿನ ಪುಡಿಯಲ್ಲಿ ಬಿಳುಪು ಮಿನುಗಿಸುವ ರಾಸಾಯನಿಕ ಇರುತ್ತದೆ, ಅದು ಹತ್ತಿಗೆ ಅಂಟುತ್ತದೆ, ಅತಿನೇರಳೆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತದೆ. ಬಿಳುಪುಕಾರಕ ಹಾಕದ ಹತ್ತಿಯನ್ನು (ಮೊದಲೇ ಟಾರ್ಚ್ ಬಿಟ್ಟು ಹೊಳೆಯುವುದಿಲ್ಲ ಎಂದು ನೋಡಿಕೊಂಡು) ಜಾಲರಿಯಲ್ಲಿ ಕಟ್ಟಿ ಕಾಲುವೆಯಲ್ಲಿ ನಾಲ್ಕೈದು ದಿನ ಬಿಡಿ. ಕತ್ತಲೆ ಕೋಣೆಯಲ್ಲಿ ಒಣಗಿಸಿ, ಅತಿನೇರಳೆ ಟಾರ್ಚಿನಲ್ಲಿ ನೋಡಿ. ಹೊಳೆದರೆ ಮಾತು ಮುಗಿಯಿತು. ಹೊಳೆಯದಿದ್ದರೆ ಕೊಳಚೆ ಇಲ್ಲವೆಂದು ಹೇಳಲಾಗದು, ಸೋಪಿನ ನೀರು ಸೇರದ ಶೌಚದ ಕೊಳವೆಯೂ ಇರಬಹುದು.

ಮೂಲ ಹುಡುಕಲು ಇಡೀ ಕಾಲುವೆ ನಡೆಯಬೇಕಿಲ್ಲ. ವೈರಿಂಗ್ ಎಲ್ಲಿ ತುಂಡಾಗಿದೆ ಎಂದು ಹುಡುಕುವವರು ಮಾಡುವಂತೆ ಮಧ್ಯಕ್ಕೆ ಹೋಗಿ ಅಳೆಯಿರಿ. ಅಲ್ಲಿ ಓದು ಹೆಚ್ಚಿದ್ದರೆ ದೋಷ ಇನ್ನೂ ಮೇಲಿದೆ, ಕಡಿಮೆಯಿದ್ದರೆ ಕೆಳಗಿದೆ. ಪ್ರತಿ ಸಲ ಹುಡುಕುವ ದೂರ ಅರ್ಧವಾಗುತ್ತದೆ. ಕಾಲುವೆಗಳು ಕೂಡುವ ಜಾಗದಲ್ಲಿ ಎರಡೂ ಕವಲುಗಳನ್ನು ಬೇರೆಬೇರೆ ಅಳೆಯಲು ಮರೆಯಬೇಡಿ. ಹರಿವಿನ ಹೊತ್ತನ್ನೂ ಗಮನಿಸಿ: ಬೆಳಿಗ್ಗೆ ಏರಿ ನಡುರಾತ್ರಿ ಇಳಿದರೆ ಮನೆಗಳು, ರಾತ್ರಿ ಹಗಲು ಒಂದೇ ಸಮ ಇದ್ದರೆ ಬುಗ್ಗೆ ಅಥವಾ ಪೈಪು, ಆಗೊಮ್ಮೆ ಈಗೊಮ್ಮೆ ರಭಸವಾಗಿ ಬಂದು ನಿಂತರೆ ಯಾರೋ ಟ್ಯಾಂಕ್ ಖಾಲಿ ಮಾಡುತ್ತಿದ್ದಾರೆ. ಮ್ಯಾನ್‌ಹೋಲ್ ಮುಚ್ಚಳ ಎತ್ತಿ ಇಳಿಯುವ ಸಾಹಸ ಯಾರೂ ಮಾಡಬಾರದು. ಅಲ್ಲಿನ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯದಂತೆ ಮಾಡುತ್ತದೆ.

ಸಿಕ್ಕಿದ್ದನ್ನು ದೂರಾಗಿ ಒಯ್ಯುವಾಗ ನಕ್ಷೆ, ದಿನಾಂಕ, ಅಂಕಿಗಳಿರಲಿ, ಬೈಗುಳ ಬೇಡ. ಇ. ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) ಪರೀಕ್ಷೆಗೆ ಕೊಡುವ ನೀರು ಕ್ರಿಮಿರಹಿತ ಮಾಡಿದ ಸೀಸೆಯಲ್ಲಿ, ತಂಪಿನಲ್ಲಿ, 6 ಗಂಟೆಯೊಳಗೆ ಪ್ರಯೋಗಾಲಯ ಮುಟ್ಟಬೇಕು. ಇಲ್ಲವಾದರೆ ಆ ವರದಿಯನ್ನು ಯಾರು ಬೇಕಾದರೂ ತಳ್ಳಿಹಾಕಬಹುದು.

ಒಳಗೆ ಬರುವುದು ನಿಂತರೂ ನೀರು ಸುಧಾರಿಸದಿದ್ದರೆ

ಅಮೆರಿಕದ ಸಿಯಾಟಲ್ ಪಕ್ಕದ ವಾಷಿಂಗ್ಟನ್ ಸರೋವರಕ್ಕೆ ಬೀಳುತ್ತಿದ್ದ ಕೊಳಚೆಯನ್ನು 1963ರಿಂದ 1968ರ ನಡುವೆ ಬೇರೆಡೆಗೆ ತಿರುಗಿಸಿದರು. ಕೆಲವೇ ವರ್ಷಗಳಲ್ಲಿ ನೀರು ತಿಳಿಯಾಯಿತು. ಆದರೆ ಅದು ಆಳದ ಸರೋವರ. ನಮ್ಮ ಕೈಯಲ್ಲಿರುವಂಥ ಆಳವಿಲ್ಲದ ಚಿಕ್ಕ ಕೆರೆಗೆ ಅದೇ ನಿರೀಕ್ಷೆ ಇಟ್ಟುಕೊಂಡರೆ ನಿರಾಸೆಯಾಗುತ್ತದೆ. ವರ್ಷಗಟ್ಟಲೆ ಬಂದ ರಂಜಕ ಹೂಳಿನಲ್ಲಿ ಕಬ್ಬಿಣಕ್ಕೆ ಅಂಟಿಕೊಂಡು ಕೂತಿರುತ್ತದೆ. ತಳದಲ್ಲಿ ಆಮ್ಲಜನಕ ಮುಗಿದಾಗ ಆ ಹಿಡಿತ ಸಡಿಲಿ ಅದು ಮತ್ತೆ ನೀರಿಗೆ ಬರುತ್ತದೆ. ಗುರುತು ಸುಲಭ: ಮಳೆಯಿಲ್ಲದ ಬಿಸಿ ದಿನಗಳಲ್ಲಿ, ಒಳಹರಿವು ಇಲ್ಲದಿದ್ದರೂ, ತಳದ ನೀರಿನ ರಂಜಕ ಏರುತ್ತಾ ಹೋಗುತ್ತದೆ. ಹಾಗಿದ್ದರೆ ಹೂಳೆತ್ತುವ ಮಾತಿಗೆ ಅರ್ಥವಿದೆ, ಅದಕ್ಕೆ ಮೊದಲಲ್ಲ.

ಇನ್ನೊಂದು ಕಾರಣ ನಾವೇ ಆಗಿರಬಹುದು. ಅಂದ ಕಾಣಲೆಂದು ದಡದ ಜೊಂಡನ್ನೂ ನೀರೊಳಗಿನ ಗಿಡಗಳನ್ನೂ ಪೂರ್ತಿ ಕಿತ್ತಿದ್ದೇವೆಯೇ? ಆ ಬೇರುಗಳು ಹೂಳು ಕದಡದಂತೆ ಹಿಡಿದಿಟ್ಟಿದ್ದವು, ಪಾಚಿ ಮೇಯುವ ಸಣ್ಣ ಜೀವಿಗಳಿಗೆ ಅಡಗುತಾಣವಾಗಿದ್ದವು. ಆಳವಿಲ್ಲದ ಕೆರೆಯಲ್ಲಿ ಅವು ಹೋದರೆ ತಿಳಿನೀರು ಹಸಿರು ನೀರಾಗಿ ತಿರುಗಿ ಅಲ್ಲೇ ನಿಂತುಬಿಡುತ್ತದೆ. ಜೊಂಡು ಹಬ್ಬಿದ್ದರೆ ಪಟ್ಟಿಪಟ್ಟಿಯಾಗಿ ತೆಳುಗೊಳಿಸಿ, ಬೋಳಿಸಬೇಡಿ.

ಉಳಿದದ್ದು ಕಾಯುವ ಲೆಕ್ಕ. ಕೆರೆಯ ವಿಸ್ತಾರ 2 ಹೆಕ್ಟೇರ್, ಸರಾಸರಿ ಆಳ 2 ಮೀಟರ್ ಎಂದರೆ ಅದರಲ್ಲಿರುವುದು 4 ಕೋಟಿ ಲೀಟರ್. ಸೆಕೆಂಡಿಗೆ 5 ಲೀಟರ್ ಹೊಸ ನೀರು ಬಂದು ಅಷ್ಟೇ ಕೋಡಿ ಹರಿದರೂ ಒಂದು ಸಲ ಕೆರೆಯಷ್ಟು ನೀರು ಬದಲಾಗಲು 93 ದಿನ ಬೇಕು. ಹಳೆಯದು ಹೊಸದರ ಜೊತೆ ಬೆರೆಯುವುದರಿಂದ ಆಗಲೂ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಹಳೆಯ ನೀರೇ ಉಳಿದಿರುತ್ತದೆ. ಕಾಲುವೆ ಸರಿಪಡಿಸಿದ ತಿಂಗಳಿಗೇ ಸೆಕ್ಕಿ ತಟ್ಟೆ ಇಳಿಸಿ ಏನೂ ಬದಲಾಗಿಲ್ಲ ಎನ್ನುವವರಿಗೆ ಈ ಲೆಕ್ಕ ತೋರಿಸಿ, ಆ ದಿನದ ಅಂಕಿಯನ್ನೂ ಪುಸ್ತಕಕ್ಕೆ ಸೇರಿಸಿಕೊಳ್ಳಿ.